ಮಸಿಯಲ್ಲಿ ಬಿಡಿಸಿದ ಚಿತ್ರದಲ್ಲಿ ಹಿಮ ಬೆಳ್ಳಗೆ ಕಾಣೋದು ಹೇಗೆ?

ಓದುಗರ ಪ್ರಶ್ನೆ: ಚೀನಾದ ಹಳೆಯ ಚಿತ್ರಗಳಲ್ಲಿ ಚಳಿಗಾಲದ ಬೆಟ್ಟ, ಅದರಡಿ ದಾರಿಹೋಕರು ಇರುತ್ತಾರಲ್ಲ, ಆ ಹಿಮಕ್ಕೆ ಬಿಳಿ ಬಣ್ಣ ಬಳಿಯುತ್ತಿದ್ದರಾ?

ಹೆಚ್ಚಿನ ಚಿತ್ರಗಳಲ್ಲಿ ಇಲ್ಲ. ನೀವು ಹಿಮ ಅಂದುಕೊಂಡಿದ್ದು ಕುಂಚ ತಾಗದೆ ಉಳಿದ ರೇಷ್ಮೆ ಬಟ್ಟೆ.

ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಲಿಯಾಂಗ್ ಕೈ ಎಂಬ ಚೀನಾದ ಚಿತ್ರಕಾರ ಬಿಡಿಸಿದ ಹಿಮದ ಚಿತ್ರವೊಂದಿದೆ. 13ನೇ ಶತಮಾನದ್ದು. ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ, ಅದರ ಅರ್ಧದಷ್ಟು ಅಗಲ. ಕೆಳಗೆ ಇಬ್ಬರು ಸವಾರರು ತಲೆ ಮುಚ್ಚಿಕೊಂಡು ಸಾಗುತ್ತಿದ್ದಾರೆ. ಮೇಲೆ ಬೋಳು ಇಳಿಜಾರು, ಅದರ ಹಿಂದೆ ಮಂಕು ಆಕಾಶ. ಗುಟ್ಟಿರೋದು ಆ ಆಕಾಶದಲ್ಲೇ. ಮಸಿಗೆ ನೀರು ಬೆರೆಸಿ, ತೆಳುವಾಗಿ, ಪದರದ ಮೇಲೆ ಪದರ ಬಳಿದು ಆಕಾಶವನ್ನು ಕಪ್ಪಾಗಿಸುತ್ತಿದ್ದರು. ಬೆಟ್ಟವನ್ನು ಹಾಗೇ ಬಿಟ್ಟರೆ ಸಾಕು, ಹಿಮ ತಾನಾಗಿ ಎದ್ದು ಕಾಣುತ್ತದೆ. ಮಸಿ ಅಂಚು ದಾಟಿ ಹರಡಬಾರದಲ್ವಾ? ಅದಕ್ಕೇ ರೇಷ್ಮೆಗೆ ಮೊದಲೇ ಅಂಟು, ಪಟಿಕ ಕಲಸಿದ ನೀರು ಹಚ್ಚುತ್ತಿದ್ದರು.

ಇಷ್ಟು ವರ್ಷಗಳಲ್ಲಿ ರೇಷ್ಮೆ ಚಹಾದ ಬಣ್ಣಕ್ಕೆ ತಿರುಗಿದೆ. ಆದರೂ ನಮ್ಮ ಕಣ್ಣು ಅದನ್ನು ಹಿಮ ಅಂತಲೇ ಒಪ್ಪುತ್ತದೆ, ಪಕ್ಕದ ಆಕಾಶ ಇನ್ನೂ ಗಾಢವಾಗಿರುವುದರಿಂದ. ಬಿಡಿಸದೇ ಬಿಟ್ಟ ಜಾಗದಿಂದ ಇಷ್ಟು ಚಳಿ ಹುಟ್ಟಿಸಿದ್ದಾನಲ್ಲ, ನನಗೆ ಈ ಚಿತ್ರ ಇಷ್ಟವಾಗೋದು ಅದಕ್ಕೇ.

ಬಿಳಿ ಬಣ್ಣ ಬಳಸಿಯೇ ಇಲ್ಲ ಅಂತಲ್ಲ. ಬಿದ್ದ ಹಿಮಕ್ಕೆ ಬಟ್ಟೆ ಸಾಕು, ಬೀಳುತ್ತಿರುವ ಹಿಮಕ್ಕೆ ಸಾಲದು. ಹಾರುವ ಒಂದೊಂದು ಚುಕ್ಕಿಯನ್ನೂ ಖಾಲಿ ಬಿಡುತ್ತಾ ಹೋಗೋದು ಆಗದ ಮಾತು. 10ನೇ ಶತಮಾನದ ಝಾವೊ ಗಾನ್ ನದಿ ದಂಡೆಯ ಮೊದಲ ಹಿಮವನ್ನು ಬಿಡಿಸಿದಾಗ, ಚಿತ್ರದ ಮೇಲೆಲ್ಲ ಬಿಳಿ ಬಣ್ಣವನ್ನು ಚುಕ್ಕಿ ಚುಕ್ಕಿಯಾಗಿ ಸಿಡಿಸಿದ. ಸುಮಾರು 26 ಸೆಂ.ಮೀ. ಎತ್ತರ, 376 ಸೆಂ.ಮೀ. ಉದ್ದದ ಆ ಸುರುಳಿ ಈಗ ತೈಪೆಯ ರಾಷ್ಟ್ರೀಯ ಅರಮನೆ ಮ್ಯೂಸಿಯಂನಲ್ಲಿದೆ. ಕತ್ತೆಯ ಮೇಲೆ ಹೊರಟವರು, ಜೊತೆಗೆ ನಡೆಯುವ ಆಳುಗಳು, ಎಲ್ಲರೂ ಚಳಿಗೆ ಮುದುಡಿದ್ದಾರೆ. ನೀರಿಗಿಳಿದ ಬೆಸ್ತರಿಗೆ ಆ ದಿನವೂ ಬಿಡುವಿಲ್ಲ.

ಮ್ಯೂಸಿಯಂನ ಜಾಲತಾಣದಲ್ಲಿ ಈ ಸುರುಳಿಯನ್ನು ದೊಡ್ಡದು ಮಾಡಿ ನೋಡಬಹುದು. ಬಲಗಡೆಯಿಂದ ಶುರು ಮಾಡಿ. ಸುರುಳಿ ಬಿಚ್ಚಿಕೊಳ್ಳೋದು ಆ ಕಡೆಯಿಂದಲೇ.