ಬಿಸಿಲು ನೆತ್ತಿಗೇರಿದ ಜಾರ್ಜ್ ಹ್ಯಾರಿಸನ್

ಯಾರಾದರೂ ಅಡ್ಡಾದಿಡ್ಡಿ ಆಡಿದರೆ ನಾವು 'ಪಿತ್ತ ನೆತ್ತಿಗೇರಿದೆ' ಅನ್ನುತ್ತೇವೆ. ಆಸ್ಟ್ರೇಲಿಯಾದವರು ಪಿತ್ತದ ಬದಲು ಬಿಸಿಲನ್ನು ಬೈಯುತ್ತಾರೆ. ಉಷ್ಣವಲಯದ ಸೆಕೆಯಲ್ಲಿ ಬಹಳ ದಿನ ಇದ್ದು ತಲೆಯ ಒಂದು ಸ್ಕ್ರೂ ಸಡಿಲವಾದವನನ್ನು ಅಲ್ಲಿನ ಆಡುಮಾತಿನಲ್ಲಿ 'ಗಾನ್ ಟ್ರೊಪೊ' ಅನ್ನುವುದುಂಟು. 1982ರ ನವೆಂಬರಿನಲ್ಲಿ ಜಾರ್ಜ್ ಹ್ಯಾರಿಸನ್ ತನ್ನ ಹೊಸ ಆಲ್ಬಂಗೆ ಇದೇ ಹೆಸರಿಟ್ಟ. ಅರವತ್ತರ ದಶಕದ ಪಾಪ್ ತಂಡ ಬೀಟಲ್ಸ್‌ನಲ್ಲಿ 'ಮೌನಿ' ಎಂದು ಹೆಸರಾದವನು, ಸಿತಾರ್ ಹಿಡಿದವನು, ಕೃಷ್ಣನ ಹೆಸರನ್ನು ಪಾಪ್ ಪಟ್ಟಿಯ ತುದಿಗೇರಿಸಿದವನು ಈಗ ತೆಂಗಿನ ಮರದಡಿ ಬಣ್ಣದ ಅಂಗಿ ತೊಟ್ಟು ಕೂತವನ ಹಾಗೆ ಹಾಡುತ್ತಿದ್ದ. ಪ್ರಚಾರಕ್ಕೆಂದು ಅವನು ಮನೆಯಿಂದ ಹೊರಗೇ ಬರಲಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಲ್ಬಂ 108ನೇ ಸ್ಥಾನ ಮುಟ್ಟಿ ಇಳಿಯಿತು. ಅವನ ಸ್ವಂತ ಊರು ಬ್ರಿಟನ್ನಿನ ಪಟ್ಟಿಗಂತೂ ಕಾಲೇ ಇಡಲಿಲ್ಲ.

ಐದು ವರ್ಷ ಕಳೆದ ಮೇಲೆ ಇದೇ ಮನುಷ್ಯ, ಇಷ್ಟೇ ಹಗುರವಾದ ಒಂದು ಹಾಡಿನಿಂದ ಅಮೆರಿಕದಲ್ಲಿ ನಂಬರ್ ಒನ್ ಆದ. ಈ ನಡುವೆ ಏನಾಯಿತು ಅನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡಿರುವ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಬೀಟಲ್ಸ್ ಒಡೆದ 1970ರಲ್ಲೇ ಹ್ಯಾರಿಸನ್ ಮೂರು ತಟ್ಟೆಗಳ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ತಂದ. ಮರುವರ್ಷ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ರವಿಶಂಕರ್ ಅವರೊಂದಿಗೆ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ ಮಾಡಿದ. ಅಲ್ಲಿಗೆ ಅವನ ಮೈಮೇಲೆ ಒಂದು ಕಾವಿ ಬಟ್ಟೆ ಹೊದಿಸಿದ ಹಾಗಾಯಿತು. ಬೇರೆಯವರು ಹೊದಿಸಿದ್ದು ಅರ್ಧ, ತಾನೇ ಹೊದ್ದದ್ದು ಅರ್ಧ. 1974ರ ಅಮೆರಿಕ ಪ್ರವಾಸದಲ್ಲಿ ಆ ಬಟ್ಟೆಯ ಭಾರ ತಿಳಿಯಿತು. ಜೊತೆಗೆ ರವಿಶಂಕರ್ ಅವರ ದೊಡ್ಡ ವಾದ್ಯವೃಂದವಿತ್ತು. ಮುಂದೆ ಬೆಂಗಳೂರಿನವರೇ ಆದ ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅದರಲ್ಲಿದ್ದರು. ಹ್ಯಾರಿಸನ್ನನ ಗಂಟಲು ಕಟ್ಟಿಹೋಗಿತ್ತು. ಜನಕ್ಕೆ ಬೇಕಾಗಿದ್ದದ್ದು ಹಳೆಯ ಬೀಟಲ್ಸ್ ಹಾಡುಗಳು. ಅವನ ಹೊಸ ರೆಕಾರ್ಡ್ ಕಂಪನಿಯ ಹೆಸರು 'ಡಾರ್ಕ್ ಹಾರ್ಸ್'; ವಿಮರ್ಶಕರು ಕುದುರೆಯ 'ಹಾರ್ಸ್' ತೆಗೆದು ಒಡಕು ದನಿಯ 'ಹೋರ್ಸ್' ಹಾಕಿ ಗೇಲಿ ಮಾಡಿದರು.

ಆದರೆ ಮನುಷ್ಯ ಮೊದಲಿಂದಲೂ ಭಾರೀ ತಮಾಷೆಗಾರ. 'ಮೈ ಸ್ವೀಟ್ ಲಾರ್ಡ್' ಹಾಡಿನ ರಾಗ 'ಹೀ ಈಸ್ ಸೋ ಫೈನ್' ಎಂಬ ಹಳೆಯ ಹಾಡಿನದು ಎಂದು ಮೊಕದ್ದಮೆ ನಡೆದು, 1976ರಲ್ಲಿ ನ್ಯಾಯಾಧೀಶರು 'ಅರಿವಿಲ್ಲದೆ ಮಾಡಿದ ನಕಲು' ಎಂದು ತೀರ್ಪು ಕೊಟ್ಟರು. ಇನ್ನೊಬ್ಬನಾಗಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಇವನು ಅದೇ ವರ್ಷ 'ದಿಸ್ ಸಾಂಗ್' ಎಂಬ ಹಾಡು ಕಟ್ಟಿ, ಕೋರ್ಟಿನ ದೃಶ್ಯವಿಟ್ಟೇ ಅದನ್ನು ಚಿತ್ರೀಕರಿಸಿದ. ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡದ 'ಲೈಫ್ ಆಫ್ ಬ್ರಯಾನ್' ಸಿನಿಮಾದಿಂದ ನಿರ್ಮಾಪಕರು ಹಿಂದೆ ಸರಿದಾಗ ತನ್ನ ಮನೆಯನ್ನೇ ಅಡವಿಟ್ಟು ಹಣ ಹೊಂದಿಸಿದ. ಕಾರಣ ಕೇಳಿದರೆ, ಆ ಸಿನಿಮಾ ನೋಡಬೇಕೆನಿಸಿತ್ತು, ಅಷ್ಟೇ! ಜಗತ್ತಿನಲ್ಲಿ ಯಾರೂ ಇಷ್ಟು ದುಬಾರಿ ಟಿಕೆಟ್ ಕೊಂಡಿಲ್ಲ ಎಂಬ ಜೋಕು ಆಗ ಹುಟ್ಟಿದ್ದು ಇವತ್ತಿಗೂ ಓಡುತ್ತಿದೆ.

ಅಡವಿಟ್ಟ ಆ ಮನೆಯೇ ಫ್ರಯರ್ ಪಾರ್ಕ್. ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ದಂಡೆಯ ಹೆನ್ಲಿ ಪಟ್ಟಣದಲ್ಲಿದೆ. ಸುಮಾರು 120 ಕೋಣೆಗಳು, ತೋಟದಲ್ಲಿ ಮ್ಯಾಟರ್‌ಹಾರ್ನ್ ಪರ್ವತದ ಪುಟ್ಟ ಪ್ರತಿಕೃತಿ, ಮೂಲೆಮೂಲೆಗೂ ಕುಳ್ಳ ಗೊಂಬೆಗಳು. ಹ್ಯಾರಿಸನ್ ವರ್ಷಗಟ್ಟಲೆ ಇಲ್ಲಿ ಮಣ್ಣು ಕೆದರಿದ. 1980ರಲ್ಲಿ ಬಂದ ಆತ್ಮಕಥನವನ್ನು ಅರ್ಪಿಸಿದ್ದು ಎಲ್ಲ ಊರಿನ ತೋಟಗಾರರಿಗೆ. ಮನೆಯೊಳಗೇ ಸ್ಟುಡಿಯೊ ಇತ್ತು. ಅಲ್ಲಿ ಮಾಡಿದ 'ಸಮ್‌ವೇರ್ ಇನ್ ಇಂಗ್ಲೆಂಡ್' ಆಲ್ಬಮನ್ನು 1980ರಲ್ಲಿ ವಾರ್ನರ್ ಎಂಬ ರೆಕಾರ್ಡ್ ಕಂಪನಿ ವಾಪಸ್ ಕಳಿಸಿತು. ನಾಲ್ಕು ಹಾಡು ತೆಗೆಯಿರಿ, ಓಡುವಂಥದ್ದು ಕೊಡಿ ಎಂಬುದು ಅವರ ಮಾತು. ಬೀಟಲ್ಸ್‌ನವನಿಗೆ ಹೀಗೆ ಹೋಮ್‌ವರ್ಕ್ ತಿದ್ದಿ ಕೊಟ್ಟರು! ಅವನು ತಿದ್ದಿಕೊಟ್ಟ, ಜೊತೆಗೆ ಕಂಪನಿಯನ್ನೇ ಚುಚ್ಚುವ ಒಂದು ಹಾಡನ್ನೂ ಸೇರಿಸಿಕೊಟ್ಟ. ಅಷ್ಟರಲ್ಲಿ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಬೀಟಲ್ಸ್‌ನ ಜೊತೆಗಾರ ಜಾನ್ ಲೆನನ್ ಕೊಲೆಯಾಯಿತು. ಬೀಟಲ್ಸ್‌ನ ಡ್ರಮ್ಮರ್ ರಿಂಗೊ ಸ್ಟಾರ್‌ಗೆಂದು ಬರೆದಿದ್ದ ಒಂದು ಹಾಡಿನ ಸಾಲುಗಳನ್ನು ಹ್ಯಾರಿಸನ್ ಬದಲಿಸಿ ಗೆಳೆಯನ ನೆನಪಿನ ಹಾಡು ಮಾಡಿದ. ಅದು ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೇರಿತು. ಸಾವಿನ ಬೆನ್ನಿಗೆ ಬಂದ ಯಶಸ್ಸು ಅದು.

ಇಷ್ಟೆಲ್ಲ ಆದ ಮೇಲೆ ಬಂದದ್ದು 'ಗಾನ್ ಟ್ರೊಪೊ'. ಈ ಹಿನ್ನೆಲೆ ಇಟ್ಟುಕೊಂಡು ಕೇಳಿದರೆ ಅದರ ನಗು ಬೇರೆಯಾಗಿಯೇ ಕೇಳುತ್ತದೆ. ರಟ್ಟಿನ ಮೇಲೆ ಕಣ್ಣು ಕುಕ್ಕುವ ಬಣ್ಣಗಳು. ಬಿಡಿಸಿದವನು ಬೊಂಜೊ ಡಾಗ್ ಬ್ಯಾಂಡ್ ಎಂಬ ಕುಚೇಷ್ಟೆಯ ತಂಡದ 'ಲೆಗ್ಸ್' ಲ್ಯಾರಿ ಸ್ಮಿತ್. ಒಳಗೆ ಮರಿಂಬಾ ಎಂಬ ಮರದ ಪಟ್ಟಿಗಳ ವಾದ್ಯದ ಟಕಟಕ. ಅರವತ್ತರ ದಶಕದ ಆರಂಭದ ಬೀದಿಬದಿಯ ಕೋರಸ್ ಶೈಲಿಯಲ್ಲಿ ಒಂದು ಹಳೆಯ ಹಾಡು. 'ಟೈಮ್ ಬ್ಯಾಂಡಿಟ್ಸ್' ಸಿನಿಮಾದ ಕೊನೆಗೆ ಬಂದಿದ್ದ 'ಡ್ರೀಮ್ ಅವೇ', ಅದರ ಪಲ್ಲವಿಯಲ್ಲಿ ಅರ್ಥವೇ ಇಲ್ಲದ ಶಬ್ದಗಳು.

ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು 'ದಟ್ಸ್ ದ ವೇ ಇಟ್ ಗೋಸ್'. ಅದರಲ್ಲೊಬ್ಬ ಆಸಾಮಿ ಬರುತ್ತಾನೆ. ದೇವರು ವಾಗ್ದಾನ ಮಾಡಿದ ಪುಣ್ಯಭೂಮಿಯ ಬಗ್ಗೆ ಮಾತಾಡುತ್ತಾನೆ. ಚಿನ್ನದ ನಾಣ್ಯ ಸುರಿದು ಅದನ್ನು ಕೊಂಡು, ತುಂಡು ತುಂಡು ಮಾಡಿ ಹಂಚುವ ಲೆಕ್ಕ ಅವನದು. ಬೆಂಗಳೂರಿನ ಸುತ್ತ ಲೇಔಟ್ ಬೋರ್ಡುಗಳನ್ನು ಓದುತ್ತ ಓಡಾಡಿದವರಿಗೆ ಈ ಆಸಾಮಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹ್ಯಾರಿಸನ್ ಅವನನ್ನು ಬೈಯುವುದಿಲ್ಲ. 'ಹೋಗ್ಲಿ ಬಿಡು, ಇದು ಹೀಗೇನೇ' ಎಂಬಂತೆ ಪಲ್ಲವಿ ಹಾಡಿ ಸುಮ್ಮನಾಗುತ್ತಾನೆ. ಆಮೇಲೆ ಸ್ಲೈಡ್ ಗಿಟಾರ್ ಬರುತ್ತದೆ. ತಂತಿಯ ಮೇಲೆ ಕೊಳವೆ ಜಾರಿಸಿ ಸ್ವರದಿಂದ ಸ್ವರಕ್ಕೆ ತೇಲುವ ಆ ಬಾಜು ಸಿತಾರಿನ ಮೀಂಡಿಗೆ ಬಹಳ ಹತ್ತಿರ. ಸಿತಾರನ್ನು ಕೆಳಗಿಟ್ಟ ಮೇಲೂ ಅದು ಅವನ ಬೆರಳಿನಲ್ಲಿ ಉಳಿದೇ ಇತ್ತು. ಆಲ್ಬಮಿನ ಕೊನೆಯ ಹಾಡು 'ಸರ್ಕಲ್ಸ್' ಪುನರ್ಜನ್ಮದ ಮೇಲಿನದು, 1968ರಷ್ಟು ಹಳೆಯದು. ಜಾತ್ರೆ ಮುಗಿದು ದೀಪ ಆರಿಸುವ ಹೊತ್ತಿಗೆ ಮೂಲೆಯಲ್ಲಿ ಕೂತ ದಾಸಯ್ಯ ತಂಬೂರಿ ಮೀಟಿದ ಹಾಗೆ.

ಹಾಗಾದರೆ ಆಲ್ಬಂ ಬಿದ್ದದ್ದೇಕೆ? ಪ್ರಚಾರ ಮಾಡಲಿಲ್ಲ ಅನ್ನುವುದು ಸುಲಭದ ಉತ್ತರ. ಕಾಲವೂ ಬದಲಾಗಿತ್ತು, ಹಾಡಿನ ವಿಡಿಯೊಗಳ ಟಿವಿ ವಾಹಿನಿ ಎಂಟಿವಿ ಶುರುವಾಗಿ ಒಂದು ವರ್ಷವಾಗಿತ್ತು, ಮುಖ ತೋರಿಸದವನ ಹಾಡು ಕೇಳುವವರು ಕಡಿಮೆ. ಆದರೆ ನನಗನ್ನಿಸುವುದು ಬೇರೆ. ಅಲ್ಲಿನ ಹಗುರತನದಲ್ಲಿ ಅರ್ಧ ಪಾಲು ಉಡಾಫೆ. ಸಿಂಥಸೈಜರ್ ಎಲ್ಲೆಂದರಲ್ಲಿ ತುಂಬಿಕೊಂಡಿದೆ; ಒಂದೆರಡು ಹಾಡುಗಳನ್ನು ಇನ್ನೊಂದು ವಾರ ಮಾಗಲು ಬಿಡಬಹುದಿತ್ತು. ಮನೆಯಲ್ಲೇ ಸ್ಟುಡಿಯೊ, ಸುತ್ತ ಸ್ನೇಹಿತರು; 'ಇದು ಸಾಲದು ಕಣೋ' ಅನ್ನುವವರಿಲ್ಲ.

ಆಮೇಲೆ ಐದು ವರ್ಷ ತೋಟ, ಸಿನಿಮಾ, ಹವಾಯಿಯ ಮನೆ. ಮಡೋನಾ ನಟಿಸಿದ 'ಶಾಂಘೈ ಸರ್‌ಪ್ರೈಸ್' ನಿರ್ಮಿಸಿ ಕೈ ಸುಟ್ಟುಕೊಂಡದ್ದೂ ಈ ನಡುವೆಯೇ. 1985ರಲ್ಲಿ ತನ್ನ ಬಾಲ್ಯದ ಹೀರೋ ಕಾರ್ಲ್ ಪರ್ಕಿನ್ಸ್ ಜೊತೆ ಲಂಡನ್ನಿನ ಟಿವಿ ಸ್ಟುಡಿಯೊದಲ್ಲಿ ಗಿಟಾರ್ ನುಡಿಸುವಾಗ ಹ್ಯಾರಿಸನ್ನನ ಮುಖ ನೋಡಬೇಕು. ಮೊದಲ ಸಲ ಸೈಕಲ್ ಬ್ಯಾಲೆನ್ಸ್ ಸಿಕ್ಕ ಹುಡುಗನ ಮುಖ ಅದು. ಗಾಯಕ ಡೇವ್ ಎಡ್ಮಂಡ್ಸ್ ಮೂಲಕ ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ತಂಡದ ಜೆಫ್ ಲಿನ್ ಪರಿಚಯವಾದ. ಲಿನ್ ಬೀಟಲ್ಸ್ ಭಕ್ತ, ಆದರೆ ಸ್ಟುಡಿಯೊದಲ್ಲಿ ಕಟ್ಟುನಿಟ್ಟಿನ ಆಸಾಮಿ. ಬೇಕಾಗಿದ್ದದ್ದು ಅಂಥವನೇ.

1987ರಲ್ಲಿ ಇಬ್ಬರೂ ಫ್ರಯರ್ ಪಾರ್ಕಿನಲ್ಲಿ 'ಕ್ಲೌಡ್ ನೈನ್' ಮಾಡಿದರು. ಎರಿಕ್ ಕ್ಲ್ಯಾಪ್ಟನ್, ಎಲ್ಟನ್ ಜಾನ್, ರಿಂಗೊ ಬಂದರು. ಒಂದು ದಿನ ಡ್ರಮ್ಮರ್ ಜಿಮ್ ಕೆಲ್ಟ್ನರ್ ಸುಮ್ಮನೆ ಬಾರಿಸುತ್ತಿದ್ದ ಗತ್ತು ಜೊತೆಗಿದ್ದ ಗಾಯಕ ಗ್ಯಾರಿ ರೈಟ್‌ಗೆ ಎಲ್ಲೋ ಕೇಳಿದಂತಿತ್ತು. ನೆನಪಾದದ್ದು 'ಗಾಟ್ ಮೈ ಮೈಂಡ್ ಸೆಟ್ ಆನ್ ಯೂ'. ರೂಡಿ ಕ್ಲಾರ್ಕ್ ಬರೆದು ಜೇಮ್ಸ್ ರೇ ಹಾಡಿದ್ದು. 1963ರಲ್ಲಿ, ಅಮೆರಿಕಕ್ಕೆ ಬೀಟಲ್ಸ್ ಯಾರೆಂದೇ ಗೊತ್ತಿಲ್ಲದಿದ್ದಾಗ, ಇಲಿನಾಯ್‌ನ ಬೆಂಟನ್ ಎಂಬ ಸಣ್ಣ ಊರಿನಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದ ಹ್ಯಾರಿಸನ್ ಕೊಂಡು ತಂದ ತಟ್ಟೆಯಲ್ಲಿ ಆ ಹಾಡಿತ್ತು. ಇಪ್ಪತ್ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ! 1988ರ ಜನವರಿಯಲ್ಲಿ ಅದು ಅಮೆರಿಕದ ಪಟ್ಟಿಯ ತುದಿಯಲ್ಲಿತ್ತು. ಹ್ಯಾರಿಸನ್ನನ ಹಿಂದಿನ ನಂಬರ್ ಒನ್ ಬಂದು ಹದಿನಾಲ್ಕು ವರ್ಷ ದಾಟಿತ್ತು. ಸಾಹಿತ್ಯವೆಂಬುದು ಅದರಲ್ಲಿ ಇಲ್ಲವೇ ಇಲ್ಲ ಅನ್ನಿ. 'ವಿಯರ್ಡ್ ಆಲ್' ಯಾಂಕೊವಿಕ್ ಅದನ್ನು ಅಣಕಿಸಿ 'ಈ ಹಾಡಲ್ಲಿ ಇರೋದು ಆರೇ ಪದ' ಎಂಬ ಅರ್ಥದ ಹಾಡು ಮಾಡಿದ. ಆದರೆ ತಾಳ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ತಮಾಷೆ ಹಾಡಿಗೂ ಲಿನ್ ಗಡಿಯಾರ ರಿಪೇರಿಯವನ ಹಾಗೆ ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಕೂತಿದ್ದ.

ಮುಂದಿನದು ಇನ್ನೂ ಮಜವಾಗಿದೆ. ಆ ಆಲ್ಬಮಿನ ಒಂದು ಸಿಂಗಲ್‌ಗೆ, ಅಂದರೆ ಬಿಡಿ ಹಾಡಿನ ತಟ್ಟೆಗೆ, ಹಿಂಬದಿಯ ಹಾಡು ಬೇಕಿತ್ತು. 1988ರ ವಸಂತದಲ್ಲಿ ಹ್ಯಾರಿಸನ್ ಮತ್ತು ಲಿನ್, ಜೊತೆಗೆ ರಾಯ್ ಆರ್ಬಿಸನ್, ಟಾಮ್ ಪೆಟಿ ಸೇರಿ ಮ್ಯಾಲಿಬುವಿನಲ್ಲಿ ಬಾಬ್ ಡಿಲನ್‌ನ ಗ್ಯಾರೇಜಿಗೆ ಹೋದರು. ಅಲ್ಲಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ 'ಹ್ಯಾಂಡಲ್ ವಿತ್ ಕೇರ್' ಎಂದಿತ್ತು. ಹಾಡಿಗೆ ಅದೇ ಹೆಸರಾಯಿತು. ಹಿಂಬದಿಗೆ ಹಾಕುವಂಥ ಹಾಡಲ್ಲ ಇದು ಎಂದಿತು ಕಂಪನಿ. ಎಂಟು ವರ್ಷದ ಹಿಂದೆ ಹಾಡು ತಿರಸ್ಕರಿಸಿದ್ದ ಅದೇ ವಾರ್ನರ್. ಡಿಲನ್‌ಗೆ ಪ್ರವಾಸವಿದ್ದುದರಿಂದ ಹತ್ತು ದಿನಗಳಷ್ಟರಲ್ಲಿ ಒಂದು ಆಲ್ಬಮಿನ ಹಾಡುಗಳೇ ತಯಾರಾದವು. ಐವರೂ ಸ್ವಂತ ಹೆಸರು ಬಿಟ್ಟು ವಿಲ್ಬರಿ ಎಂಬ ಒಬ್ಬನೇ ಅಪ್ಪನ ಮಕ್ಕಳಾದರು. ಹ್ಯಾರಿಸನ್ ನೆಲ್ಸನ್ ವಿಲ್ಬರಿ, ಡಿಲನ್ ಲಕ್ಕಿ ವಿಲ್ಬರಿ. ಹೆಸರು ಬಂದದ್ದು ಸ್ಟುಡಿಯೊದ ಮಾತಿನಿಂದ: ರೆಕಾರ್ಡಿಂಗಿನಲ್ಲಿ ತಪ್ಪಾದರೆ 'ಮಿಕ್ಸಿಂಗಿನಲ್ಲಿ ಹೂತುಬಿಡೋಣ', ಇಂಗ್ಲಿಷಿನಲ್ಲಿ 'ವೀಲ್ ಬರಿ' ಅನ್ನುತ್ತಿದ್ದರು. ಅಕ್ಟೋಬರಿನಲ್ಲಿ ಆಲ್ಬಂ ಬಂತು. ಡಿಸೆಂಬರ್ 6ರಂದು ಆರ್ಬಿಸನ್ ಹೃದಯಾಘಾತದಿಂದ ತೀರಿಕೊಂಡ. ಮುಂದಿನ ಹಾಡಿನ ವಿಡಿಯೊದಲ್ಲಿ ಅವನ ದನಿ ಬರುವಾಗ, ತೂಗುವ ಕುರ್ಚಿಯ ಮೇಲೆ ಅವನ ಗಿಟಾರ್ ಒಂದೇ ಇರುತ್ತದೆ.

ಹ್ಯಾರಿಸನ್ 2001ರ ನವೆಂಬರ್ 29ರಂದು ಹೋದ. ವರ್ಷ ತುಂಬಿದ ದಿನ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಗೆಳೆಯರೆಲ್ಲ ಸೇರಿದರು. ರವಿಶಂಕರ್ ಅವರ ರಚನೆಯನ್ನು ಮಗಳು ಅನೌಷ್ಕಾ ನಡೆಸಿಕೊಟ್ಟಳು. ಕ್ಲ್ಯಾಪ್ಟನ್, ಮೆಕಾರ್ಟ್ನಿ, ರಿಂಗೊ ಹಾಡಿದರು. ಆ ರಾತ್ರಿ ಗಾಯಕ ಜೋ ಬ್ರೌನ್ ಎತ್ತಿಕೊಂಡದ್ದು 'ದಟ್ಸ್ ದ ವೇ ಇಟ್ ಗೋಸ್', ಯಾರೂ ಕೊಳ್ಳದ ಆ ಆಲ್ಬಮಿನ ಹಾಡು. 1982ರಲ್ಲಿ ಆ ಆಲ್ಬಂ ಮಾಡುವಾಗಲೂ ಬ್ರೌನ್ ಜೊತೆಗಿದ್ದವನೇ. ಎಲ್ಲ ಮುಗಿದ ಮೇಲೆ ಮತ್ತೆ ಅವನೇ ಮುಂದೆ ಬಂದು, ಹ್ಯಾರಿಸನ್ನನಿಗೆ ಪ್ರಾಣವಾಗಿದ್ದ ಪುಟ್ಟ ಉಕುಲೇಲೆ ಹಿಡಿದು ಹಳೆಯ ಕಾಲದ ಒಂದು ಜೋಗುಳದಂಥ ಹಾಡು ಹಾಡಿದ. ಮೇಲಿನಿಂದ ಹೂವಿನ ಎಸಳು ಉದುರುತ್ತಿದ್ದವು.