ಕಾಟ ಕೊಡುವ ನೆರೆಯವನನ್ನೇ ಸಂಧಾನಕ್ಕೆ ಯಾಕೆ ಕರೆಯುತ್ತಾರೆ?

ಮಂಡ್ಯದ ನೂರಡಿ ರಸ್ತೆಯಲ್ಲಿ ಟೀ ಕುಡಿಯುತ್ತಿದ್ದಾಗ ಓದುಗರೊಬ್ಬರು ಪೇಪರ್ ಮಡಚಿಟ್ಟು ಕೇಳಿದರು: "ಅಲ್ಲ ಮೇಷ್ಟ್ರೇ, ಯುದ್ಧ ಮುಗಿದ ದೇಶಾನ ಸರಿ ಮಾಡ್ತೀವಿ ಅಂತ ಮೀಟಿಂಗ್ ಕರೀತಾರೆ. ನೋಡುದ್ರೆ ಅಲ್ಲಿ ಕಿತಾಪತಿ ಮಾಡ್ತಿರೋ ಪಕ್ಕದ ದೇಶದವನೇ ಮುಂದಿನ ಕುರ್ಚೀಲಿ ಕೂತಿರ್ತಾನೆ. ಮನೆಗೆ ಬೆಂಕಿ ಇಟ್ಟವನ್ನೇ ಕೂರಿಸ್ಕೊಂಡು ಮನೆ ಕಟ್ಟೋ ಮಾತಾಡೋದಾ? ಇದ್ಯಾವ ನ್ಯಾಯ?"

ಇದೇ ಪ್ರಶ್ನೆಯನ್ನು ಇನ್ನೂ ಹಲವರು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ. ಟೀ ಆರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮಂಡ್ಯದವರಿಗೆ ಇದನ್ನು ಹೇಳುವುದು ಒಂದು ರೀತಿಯಲ್ಲಿ ಸುಲಭ. ನಾಲೆಯ ಕೊನೆ ಭಾಗದಲ್ಲಿ ನಿಮ್ಮ ಗದ್ದೆ ಇದೆ ಅಂದುಕೊಳ್ಳಿ. ಮೇಲಿನ ಗದ್ದೆಯವನು ರಾತ್ರೋರಾತ್ರಿ ನೀರು ತಿರುಗಿಸಿಕೊಳ್ಳುತ್ತಾನೆ. ನಿಮ್ಮ ಪೈರು ಒಣಗುತ್ತದೆ. ನೀವು ಊರಿನ ಯಜಮಾನರನ್ನು ಕೂರಿಸಿ, ನೀರುಗಂಟಿಯನ್ನು ಕರೆಸಿ, ಕೆಳಗಿನ ಗದ್ದೆಯವರೆಲ್ಲ ಸೇರಿ ಒಂದು ತೀರ್ಮಾನ ಮಾಡಿದಿರಿ. ಮೇಲಿನವನನ್ನು ಮಾತ್ರ ಕರೆಯಲಿಲ್ಲ. ಆ ತೀರ್ಮಾನಕ್ಕೆ ಮೂರು ಕಾಸಿನ ಬೆಲೆ ಇಲ್ಲ. ತೂಬು ಇರುವುದು ಅವನ ಗದ್ದೆ ಪಕ್ಕದಲ್ಲಿ. (ಕಾವೇರಿ ವಿಚಾರಕ್ಕೆ ಬಂದರೆ ಮೇಲಿನ ಗದ್ದೆಯವರು ನಾವೇ. ತಂಜಾವೂರಿನ ರೈತ ಇದೇ ಪ್ರಶ್ನೆಯನ್ನು ನಮ್ಮ ಬಗ್ಗೆ ಕೇಳುತ್ತಿರಬಹುದು. ಅದಿರಲಿ.)

ಅಂದರೆ ಅವನನ್ನು ಕರೆಯುವುದು ಒಳ್ಳೆಯವನು ಅಂತ ಅಲ್ಲ. ಕೆಡಿಸುವ ತಾಕತ್ತು ಇದೆ ಅಂತ. ಹಾಗೆ ಕರೆದ ಕೂಡಲೇ ಕೆಲಸ ಆಗುತ್ತದಾ? ಇಲ್ಲ. ಕರೆದು ಏನು ಬರೆಸಿಕೊಂಡರು, ಯಾವ ತಾರೀಖು ಹಾಕಿಸಿದರು, ಅದನ್ನು ಯಾರು ಕಾಯುತ್ತಾರೆ, ಎಲ್ಲ ಅದರ ಮೇಲೆ ನಿಂತಿರುತ್ತದೆ.

ಇರಾಕ್ ಕಥೆ ನೋಡೋಣ. 2003ರ ಮಾರ್ಚ್‌ನಲ್ಲಿ ಅಮೆರಿಕ ದಾಳಿ ಮಾಡಿತು. ಮೂರೇ ವಾರದಲ್ಲಿ ಸದ್ದಾಂ ಹುಸೇನ್ ಸರ್ಕಾರ ಬಿತ್ತು. ಯುದ್ಧ ಮುಗಿಯಿತು ಅಂದುಕೊಂಡರು, ಆದರೆ ನಿಜವಾದ ರಕ್ತಪಾತ ಶುರುವಾಗಿದ್ದೇ ಆಮೇಲೆ. 2006ರ ಫೆಬ್ರವರಿಯಲ್ಲಿ ಸಮಾರಾ ಪಟ್ಟಣದ ಅಸ್ಕರಿ ಮಸೀದಿಯ ಗುಮ್ಮಟವನ್ನು ಸ್ಫೋಟಿಸಿದ ಮೇಲಂತೂ ಶಿಯಾ, ಸುನ್ನಿಗಳ ನಡುವೆ ಬೀದಿ ಬೀದಿಯಲ್ಲಿ ಕೊಲೆಗಳಾದವು.

ಪಕ್ಕದಲ್ಲಿ ಇಬ್ಬರು ನೆರೆಯವರು. ಪೂರ್ವಕ್ಕೆ ಇರಾನ್, ಪಶ್ಚಿಮಕ್ಕೆ ಸಿರಿಯಾ. ಇರಾನ್ ಶಿಯಾ ಗುಂಪುಗಳಿಗೆ ಹಣ, ಆಯುಧ, ತರಬೇತಿ ಕೊಡುತ್ತಿದೆ, ಸಿರಿಯಾ ಸುನ್ನಿ ಹೋರಾಟಗಾರರನ್ನು ಗಡಿ ದಾಟಲು ಬಿಡುತ್ತಿದೆ ಎಂದು ಅಮೆರಿಕ ದೂರಿತು. ಎರಡೂ ದೇಶ ಇಲ್ಲ ಎಂದವು. 2007ರ ಜನವರಿಯಲ್ಲಿ ಉತ್ತರ ಇರಾಕ್‌ನ ಎರ್ಬಿಲ್ ಊರಿನಲ್ಲಿ ಐವರು ಇರಾನಿ ಅಧಿಕಾರಿಗಳನ್ನು ಅಮೆರಿಕದ ಸೈನಿಕರು ಹಿಡಿದುಕೊಂಡು ಹೋದರು. ಅವರು ರಾಜತಾಂತ್ರಿಕರು ಎಂದಿತು ಇರಾನ್. ಮಾತುಕತೆ ಶುರುವಾಗಿದ್ದು ಇಂಥ ಹೊತ್ತಿನಲ್ಲಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಇರಾನಿಗೆ ಬೇಕಿದ್ದದ್ದಾದರೂ ಏನು? ಬರೀ ಕೆಟ್ಟತನದಿಂದ ಯಾವ ದೇಶವೂ ಪಕ್ಕದ ಮನೆಗೆ ಕೈ ಹಾಕುವುದಿಲ್ಲ. ಸದ್ದಾಂ 1980ರಲ್ಲಿ ಇರಾನ್ ಮೇಲೆ ಯುದ್ಧಕ್ಕೆ ಬಂದವನು. ಎಂಟು ವರ್ಷ ನಡೆದ ಆ ಯುದ್ಧದಲ್ಲಿ ಎರಡೂ ಕಡೆ ಲಕ್ಷಾಂತರ ಜನ ಸತ್ತರು. ರಾಸಾಯನಿಕ ಅಸ್ತ್ರವೂ ಬಿತ್ತು. ಹಾಗಾಗಿ ಇರಾಕ್ ಮತ್ತೆ ಬಲಿಯಬಾರದು ಅನ್ನೋದು ಟೆಹ್ರಾನ್‌ನ ಲೆಕ್ಕ. ಇನ್ನೊಂದು ಭಯ ಹೊಸದು. ಒಂದೂವರೆ ಲಕ್ಷ ಅಮೆರಿಕದ ಸೈನಿಕರು ಅವರ ಗಡಿಯಲ್ಲಿ ಕೂತಿದ್ದರು. ಇರಾಕ್‌ನಲ್ಲಿ ಅಮೆರಿಕ ಸುಲಭವಾಗಿ ಗೆದ್ದರೆ ಮುಂದಿನ ಸರದಿ ತಮ್ಮದೇ ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯ ಇಲ್ಲ. ಆದರೆ ಇರಾಕ್ ಪೂರ್ತಿ ಕುಸಿದು ಬಿದ್ದರೂ ಕಷ್ಟ. ಒಂದು ಸಾವಿರ ಕಿಲೋಮೀಟರಿಗೂ ಜಾಸ್ತಿ ಉದ್ದದ ಗಡಿ, ನಿರಾಶ್ರಿತರು ದಾಟಿ ಬರುತ್ತಾರೆ. ಪಕ್ಕದ ಮನೆ ಬೀಳಲೂಬಾರದು, ಎದ್ದು ಎರಡನೇ ಮಹಡಿ ಕಟ್ಟಲೂಬಾರದು. ಕಿತಾಪತಿ ಮಾಡುವ ನೆರೆಯವರ ಮನಸ್ಸು ಬಹಳ ಸಲ ಹೀಗೇ ಇರುತ್ತದೆ.

ಆ "ಬೀಳಬಾರದು" ಅನ್ನೋ ಅರ್ಧ ಇದೆಯಲ್ಲ, ಸಂಧಾನಕ್ಕೆ ಜಾಗ ಇರುವುದು ಅಲ್ಲೇ. 2006ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಮತ್ತು ಮಾಜಿ ಸಂಸದ ಲೀ ಹ್ಯಾಮಿಲ್ಟನ್ ನೇತೃತ್ವದ ತಂಡ ಇರಾಕ್‌ನಲ್ಲಿ ಮುಂದೇನು ಮಾಡಬೇಕು ಎಂದು 79 ಶಿಫಾರಸುಗಳ ವರದಿ ಕೊಟ್ಟಿತು. ಇರಾನ್, ಸಿರಿಯಾ ಜೊತೆ ಮಾತಾಡಿ ಎಂಬುದು ಅದರಲ್ಲಿ ಮುಖ್ಯವಾದದ್ದು. ಅಧ್ಯಕ್ಷ ಬುಷ್ ಮೊದಮೊದಲು ಅದಕ್ಕೆ ಅಷ್ಟಾಗಿ ಕಿವಿಗೊಡಲಿಲ್ಲ. ಮೂರು ತಿಂಗಳು ಕಳೆಯುವಷ್ಟರಲ್ಲಿ ಇರಾಕ್ ಸರ್ಕಾರವೇ ಎಲ್ಲರನ್ನೂ ಬಾಗ್ದಾದಿಗೆ ಕರೆಯಿತು, ಅಮೆರಿಕವೂ ಬಂದು ಕೂತಿತು.

ಅದು 2007ರ ಮಾರ್ಚ್ 10. ಸಭೆ ನಡೆಯುತ್ತಿದ್ದ ಕಟ್ಟಡದ ಹತ್ತಿರವೇ ಮಾರ್ಟರ್ ಶೆಲ್ ಬಿತ್ತು. ಇರಾನ್ ತಂಡದ ಮುಖ್ಯಸ್ಥರು ಅಬ್ಬಾಸ್ ಅರಾಗ್ಚಿ. 2024ರಲ್ಲಿ ಇರಾನಿನ ವಿದೇಶಾಂಗ ಸಚಿವರಾದರಲ್ಲ, ಅವರೇ.

ಮೇ ಮೊದಲ ವಾರದಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಇನ್ನೂ ದೊಡ್ಡ ಸಭೆ. ಅಮೆರಿಕದ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ಸಿರಿಯಾದ ಸಚಿವ ವಾಲಿದ್ ಮುಅಲ್ಲಂ ಜೊತೆ ಅರ್ಧ ಗಂಟೆ ಮಾತಾಡಿದರು. ಇರಾನಿನ ಸಚಿವ ಮನೂಚೆಹ್ರ್ ಮೊತ್ತಕಿ ಜೊತೆಗೂ ಊಟದ ಹೊತ್ತಿಗೆ ಮಾತಾಗಬಹುದು ಎಂದು ಎಲ್ಲರೂ ಕಾಯುತ್ತಿದ್ದರು. ಮೊತ್ತಕಿ ಊಟಕ್ಕೆ ಕೂರದೆ ಹೊರಟೇಬಿಟ್ಟರು. ಅಲ್ಲಿ ಪಿಟೀಲು ನುಡಿಸುತ್ತಿದ್ದ ಹೆಣ್ಣುಮಗಳ ಕೆಂಪು ಉಡುಪು ಅವರಿಗೆ ಸರಿಬರಲಿಲ್ಲವಂತೆ. ಬೀಗರ ಊಟದಲ್ಲಿ ಮುನಿಸಿಕೊಂಡು ಎದ್ದು ಹೋಗುವವರನ್ನು ನಾವು ನೋಡಿಲ್ಲವೇ? ಕಾರಣ ಯಾವತ್ತೂ ಪಾಯಸದ್ದೇ ಆಗಿರುವುದಿಲ್ಲ.

ಕೊನೆಗೂ ನೇರ ಮಾತುಕತೆ ನಡೆದಿದ್ದು ಮೇ 28ಕ್ಕೆ, ಬಾಗ್ದಾದಿನಲ್ಲಿ, ಇರಾಕ್ ಪ್ರಧಾನಿ ನೂರಿ ಅಲ್ ಮಾಲಿಕಿ ಅವರ ಕಚೇರಿಯಲ್ಲಿ. ಅಮೆರಿಕದ ರಾಯಭಾರಿ ರಯಾನ್ ಕ್ರಾಕರ್, ಇರಾನಿನ ರಾಯಭಾರಿ ಹಸನ್ ಕಾಜೆಮಿ ಕೋಮಿ. ನಾಲ್ಕು ಗಂಟೆ ಕೂತರು. 1980ರಲ್ಲಿ ಸಂಬಂಧ ಕಡಿದುಕೊಂಡ ಎರಡು ದೇಶಗಳು ಹೀಗೆ ಬಹಿರಂಗವಾಗಿ ಎದುರುಬದುರು ಕೂರುವುದೇ ಅಪರೂಪ. ಯಾರ ಮನೆಯಲ್ಲಿ ಕೂತರು ನೋಡಿ. ಪೆಟ್ಟು ತಿಂದವನ ಮನೆಯಲ್ಲಿ, ಅವನ ಜಗುಲಿಯಲ್ಲಿ. ನನಗೆ ಇದು ಸರಿಯಾದ ಪದ್ಧತಿ ಅನಿಸುತ್ತದೆ.

ಫಲ ಏನಾಯಿತು? ಹೆಚ್ಚೇನಿಲ್ಲ. ಜುಲೈನಲ್ಲಿ ಮತ್ತೆ ಸೇರಿದರು, ಭದ್ರತೆಗೆ ಒಂದು ಉಪಸಮಿತಿ ಮಾಡಿದರು, ಆಗಸ್ಟ್‌ನಲ್ಲಿ ಅದು ಸಭೆ ಸೇರಿತು. ಆಮೇಲೆ ತಾರೀಖು ಮುಂದಕ್ಕೆ ಹೋಗುತ್ತಾ ಹೋಗುತ್ತಾ ಮಾತು ನಿಂತೇಹೋಯಿತು. ಇರಾಕ್‌ನಲ್ಲಿ ಹಿಂಸೆ ಕಡಿಮೆಯಾಯಿತು, ನಿಜ. ಆದರೆ ಅದಕ್ಕೆ ಬೇರೆ ಕಾರಣಗಳೇ ಜಾಸ್ತಿ: ಅಮೆರಿಕ ಹೆಚ್ಚುವರಿ ಸೈನ್ಯ ತಂದಿತು, ಸುನ್ನಿ ಬುಡಕಟ್ಟಿನವರು ಅಲ್ ಖೈದಾ ವಿರುದ್ಧ ತಿರುಗಿದರು, ಶಿಯಾ ನಾಯಕ ಮುಕ್ತದಾ ಅಲ್ ಸದರ್ ತನ್ನ ಪಡೆಗೆ ಆಯುಧ ಕೆಳಗಿಡಲು ಹೇಳಿದರು. ಮಾತುಕತೆಯಿಂದಲೇ ಶಾಂತಿ ಬಂತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹಾಗಾದರೆ ನೆರೆಯವರನ್ನು ಕರೆದು ಕೆಲಸ ಆದದ್ದು ಉಂಟಾ? ಉಂಟು, ಅದೂ ಇದೇ ಇರಾನ್‌ನಿಂದ. 2001ರ ನವೆಂಬರ್ ಕೊನೆಯಲ್ಲಿ ಅಫ್ಘಾನಿಸ್ತಾನಕ್ಕೆ ಹೊಸ ಸರ್ಕಾರ ಮಾಡಲು ಜರ್ಮನಿಯ ಬಾನ್ ನಗರದ ಹತ್ತಿರ ಸಭೆ ಸೇರಿತು. ನಡೆಸಿದವರು ವಿಶ್ವಸಂಸ್ಥೆಯ ಲಖ್ದರ್ ಬ್ರಾಹಿಮಿ. ಭಾರತದ ಪರವಾಗಿ ಸತೀಂದರ್ ಲಾಂಬಾ ಅಲ್ಲಿದ್ದರು. ಎಲ್ಲ ಮುಗಿಯಿತು ಅನ್ನುವಾಗ, ತಾಲಿಬಾನ್ ವಿರುದ್ಧ ಹೋರಾಡಿದ್ದ ಅಫ್ಘಾನ್ ಗುಂಪುಗಳ ಕೂಟವಾದ ಉತ್ತರದ ಒಕ್ಕೂಟದ ಯೂನುಸ್ ಖಾನೂನಿ ಖಾತೆಗಳ ಹಂಚಿಕೆಯಲ್ಲಿ ಹಠ ಹಿಡಿದರು. ಅವರ ಗುಂಪಿಗೇ ಮುಕ್ಕಾಲು ಪಾಲು ಮಂತ್ರಿಗಿರಿ ಬೇಕಂತೆ. ರಾತ್ರಿಯಿಡೀ ಯಾರು ಹೇಳಿದರೂ ಬಗ್ಗಲಿಲ್ಲ. ಆಗ ಇರಾನಿನ ಪ್ರತಿನಿಧಿ ಜವಾದ್ ಜರೀಫ್ ಎದ್ದು ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಖಾನೂನಿ ಬಂದು ಕೂತು ಎರಡು ಖಾತೆ ಬಿಟ್ಟುಕೊಟ್ಟರು. ಇದನ್ನು ಬರೆದಿಟ್ಟವರು ಅಮೆರಿಕದ ಪ್ರತಿನಿಧಿ ಜೇಮ್ಸ್ ಡಾಬಿನ್ಸ್. ವರ್ಷಗಟ್ಟಲೆ ಆ ಗುಂಪಿಗೆ ಹಣ, ಆಯುಧ ಕೊಟ್ಟವರ ಮಾತು ಅದು, ನಡೆಯದೇ ಇರುತ್ತದಾ?

ಡಿಸೆಂಬರ್ 5ಕ್ಕೆ ಸಹಿ ಬಿತ್ತು. ಎರಡು ತಿಂಗಳು ಆಗುವ ಮೊದಲೇ, 2002ರ ಜನವರಿ 29ರ ಭಾಷಣದಲ್ಲಿ, ಬುಷ್ ಅದೇ ಇರಾನನ್ನು ದುಷ್ಟಕೂಟದ ಪಟ್ಟಿಗೆ ಸೇರಿಸಿದರು. ಆ ಬಾಗಿಲು ಅಲ್ಲಿಗೆ ಮುಚ್ಚಿತು. ಇನ್ನೊಬ್ಬ ನೆರೆಯವ ಪಾಕಿಸ್ತಾನ. 2002ರ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನದ ಆರೂ ನೆರೆ ದೇಶಗಳು ಕಾಬೂಲ್‌ನಲ್ಲಿ ಒಂದು ಘೋಷಣೆಗೆ ಸಹಿ ಹಾಕಿದವು: ನಾವು ಒಳ್ಳೆಯ ನೆರೆಯವರಾಗಿರುತ್ತೇವೆ, ಒಳವಿಚಾರಕ್ಕೆ ಕೈ ಹಾಕುವುದಿಲ್ಲ. ಚೀನಾ, ಇರಾನ್, ಪಾಕಿಸ್ತಾನ ಎಲ್ಲ ಇದ್ದವು. ಮೀರಿದರೆ ಏನು ಅನ್ನುವುದು ಅದರಲ್ಲಿ ಇರಲಿಲ್ಲ. ತಾಲಿಬಾನ್ ನಾಯಕರು ಗಡಿಯಾಚೆ ಆರಾಮಾಗಿ ಉಳಿದರು. ಅವರ ಮುಖ್ಯಸ್ಥ ಮುಲ್ಲಾ ಮನ್ಸೂರ್ 2016ರಲ್ಲಿ ಅಮೆರಿಕದ ಡ್ರೋನ್ ದಾಳಿಯಲ್ಲಿ ಸತ್ತಿದ್ದು ಪಾಕಿಸ್ತಾನದ ಬಲೂಚಿಸ್ತಾನದಲ್ಲೇ.

ಸುಮ್ನೆ ಸಹಿ ಹಾಕಿಸಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಲೆಬನಾನ್. ಅಲ್ಲಿನ ಅಂತರ್ಯುದ್ಧ 1975ರಲ್ಲಿ ಶುರುವಾಯಿತು. ಮಾರನೇ ವರ್ಷವೇ ಸಿರಿಯಾದ ಸೈನ್ಯ ಒಳಗೆ ಬಂದು ಕೂತಿತು. 1989ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾದ ತಾಯಿಫ್‌ನಲ್ಲಿ ಒಪ್ಪಂದವಾಯಿತು. ಮಾತಾಡಿದವರು 1972ರ ಚುನಾವಣೆಯಲ್ಲಿ ಗೆದ್ದು, ಆಮೇಲೆ ಚುನಾವಣೆಯೇ ಇಲ್ಲದೆ ಉಳಿದಿದ್ದ ಸಂಸದರು. ಅಲ್ಲೂ ಓಡಾಡಿದ ಸಂಧಾನಕಾರ ಇದೇ ಬ್ರಾಹಿಮಿ, ಆಗ ಅರಬ್ ಲೀಗ್ ಪರವಾಗಿ.

ತಾಯಿಫ್ ಕಾಗದದಲ್ಲಿ ಸಿರಿಯಾದ ಸೈನ್ಯದ ಬಗ್ಗೆ ಒಂದು ಮಾತಿದೆ. ಸರ್ಕಾರಕ್ಕೆ ನೆರವಾಗಲು ಅದು ಹೆಚ್ಚೆಂದರೆ ಎರಡು ವರ್ಷ ಇರಬಹುದು. ಆಮೇಲೆ ಸಿರಿಯಾ ಗಡಿ ಹತ್ತಿರದ ಬೆಕಾ ಕಣಿವೆ ಕಡೆಗೆ ಸರಿಯಬೇಕು. ಕೇಳಲು ಚೆನ್ನಾಗಿದೆ. ಆದರೆ ಎರಡು ವರ್ಷ ಎಂದಿನಿಂದ? ಅಧ್ಯಕ್ಷರ ಆಯ್ಕೆಯಾಗಿ, ಸರ್ಕಾರ ರಚನೆಯಾಗಿ, ಸುಧಾರಣೆಗಳು ಪಾಸಾದ ಮೇಲೆ. ದೇಶ ಬಿಟ್ಟು ಪೂರ್ತಿ ಹೋಗುವುದು ಯಾವಾಗ? ಅದನ್ನು ಎರಡೂ ಸರ್ಕಾರ ಕೂತು ತೀರ್ಮಾನ ಮಾಡುತ್ತವಂತೆ. ಲೆಬನಾನ್ ರಾಜಧಾನಿ ಬೈರೂತ್‌ನಲ್ಲಿ ಯಾರ ಸರ್ಕಾರ ಇರಬೇಕು ಅನ್ನುವುದನ್ನೇ ಸಿರಿಯಾದ ರಾಜಧಾನಿ ಡಮಾಸ್ಕಸ್ ಹೇಳುತ್ತಿದ್ದಾಗ, ಎರಡೂ ಕಡೆಯಿಂದ ಮಾತಾಡುತ್ತಿದ್ದವನು ಒಬ್ಬನೇ ಅಲ್ವಾ? ಮಾಜಿ ಪ್ರಧಾನಿ ರಫೀಕ್ ಹರೀರಿ 2005ರ ಫೆಬ್ರವರಿ 14ಕ್ಕೆ ಬಾಂಬ್ ದಾಳಿಯಲ್ಲಿ ಸತ್ತರು. ಸಿರಿಯಾ ಹೊರಗೆ ಹೋಗಲಿ ಎಂದು ಜನ ಬೀದಿಗಿಳಿದರು. ಏಪ್ರಿಲ್ 26ಕ್ಕೆ ಕೊನೆಯ ಸಿರಿಯನ್ ಸೈನಿಕ ಹೊರಟ. ಒಪ್ಪಂದ ಆಗಿ ಹದಿನೈದೂವರೆ ವರ್ಷ ಕಳೆದಿತ್ತು.

ನೆರೆಯವರು ಮೇಜಿಗೆ ಬಂದು ಕೂರುವುದು ನಮ್ಮ ನೆಲಕ್ಕೂ ಹೊಸದಲ್ಲ. 1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸಹಿ ಹಾಕಿದ ಒಪ್ಪಂದದಲ್ಲಿ ಇಂಗ್ಲಿಷರ ಜೊತೆ ನಿಜಾಮರೂ ಮರಾಠರೂ ಇದ್ದರು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳು ಒತ್ತೆ. ಅಲ್ಲಿ ನೆರೆಯವರು ಬಂದಿದ್ದು ಮನೆ ಕಟ್ಟಲು ಅಲ್ಲ, ಪಾಲು ಹಾಕಿಕೊಳ್ಳಲು. ಇಂಥ ಸಭೆಗಳಲ್ಲೂ ಒಳ್ಳೆಯ ಮಾತುಗಳಿಗೆ ಏನೂ ಕೊರತೆ ಇರುವುದಿಲ್ಲ.

ಇಷ್ಟನ್ನೂ ಆ ಓದುಗರಿಗೆ ಎರಡು ಕಂತಿನಲ್ಲಿ ಹೇಳಿದೆ. ಎರಡನೇ ಸಲ ಸಿಕ್ಕಾಗ ಅವರು ಇನ್ನೊಂದು ಎಸೆದರು: "ಅದ್ಸರಿ, ಇರಾನ್ ಪಕ್ಕದವನು, ಕೈ ಹಾಕ್ದ ಅಂತೀರ. ಅಮೆರಿಕದವನು ಅಷ್ಟು ದೂರದಿಂದ ಬಂದು ಕೂತಿದ್ನಲ್ಲ, ಅದೇನು ನೆಂಟಸ್ತನಾನಾ?"

ಇರಾನ್ ಕೂಡ ಬಾಗ್ದಾದಿನಲ್ಲಿ ಹೇಳುತ್ತಿದ್ದದ್ದು ಅದನ್ನೇ. ರೋಗ ಇರುವುದು ವಿದೇಶಿ ಸೈನ್ಯದಲ್ಲಿ, ಮೊದಲು ನೀವು ಹೋಗುವ ದಿನ ಹೇಳಿ ಎಂದು. ಆ ದಿನವನ್ನು ಬರೆಸಿಕೊಂಡಿದ್ದು ಮಾತ್ರ ಇರಾಕ್ ತಾನೇ. 2008ರ ನವೆಂಬರ್ 17ಕ್ಕೆ ಅಮೆರಿಕದ ಜೊತೆ ಒಪ್ಪಂದಕ್ಕೆ ಸಹಿಯಾಯಿತು. ಸಹಿ ಹಾಕಿದವರು ರಾಯಭಾರಿ ಕ್ರಾಕರ್ ಮತ್ತು ಇರಾಕ್ ವಿದೇಶಾಂಗ ಸಚಿವ ಹೊಶ್ಯಾರ್ ಜೆಬಾರಿ. 2009ರ ಜೂನ್ 30ರೊಳಗೆ ಊರುಗಳಿಂದ ಆಚೆ, 2011ರ ಡಿಸೆಂಬರ್ 31ರೊಳಗೆ ದೇಶದಿಂದಲೇ ಆಚೆ. ಷರತ್ತು, ಗಿರತ್ತು ಇಲ್ಲ. ಇನ್ನೊಂದು ಸಾಲೂ ಇತ್ತು: ಇರಾಕ್ ನೆಲ, ನೀರು, ಆಕಾಶವನ್ನು ಬೇರೆ ದೇಶದ ಮೇಲೆ ದಾಳಿಗೆ ಬಳಸುವಂತಿಲ್ಲ. ಇರಾನ್ ಆ ಮೇಜಿನಲ್ಲಿ ಇರಲೇ ಇಲ್ಲ. ಅದರ ಭಯಕ್ಕೆ ಮಾತ್ರ ಕಾಗದದಲ್ಲಿ ಜಾಗ ಸಿಕ್ಕಿತ್ತು.

ಅಮೆರಿಕದ ಸೈನ್ಯ 2014ರಲ್ಲಿ ಐಸಿಸ್ ವಿರುದ್ಧ ಮತ್ತೆ ಬಂತು, ಇರಾಕ್ ಕರೆದ ಮೇಲೆ. ಅದು ಇನ್ನೊಂದು ಕಥೆ. ಆದರೆ ಮೊದಲ ಸಲ ಬಂದಿದ್ದ ಸೈನ್ಯದ ಕೊನೆಯ ವಾಹನಗಳು ಕುವೈತ್ ಗಡಿ ದಾಟಿದ್ದು 2011ರ ಡಿಸೆಂಬರ್ 18ರ ಬೆಳಗ್ಗೆ. ಬರೆದ ತಾರೀಖಿಗೆ ಇನ್ನೂ 13 ದಿನ ಬಾಕಿ ಇತ್ತು.