ಮೀಟರ್ ನೋಡಿ ಮಿಯಾಟಾ ಕೊಳ್ಳಬೇಡಿ

ವಾರಕ್ಕೊಂದಾದರೂ ಇಂಥ ಮೆಸೇಜ್ ಬರುತ್ತದೆ. ಒಂದು ಜಾಹೀರಾತಿನ ಲಿಂಕ್, ಒಂದು ಮೀಟರ್ ಫೋಟೊ, ಕೆಳಗೆ ಎರಡು ಸಾಲು. "ಸರ್, 1991ರ ಮಿಯಾಟಾ. ಬರೀ 22,000 ಮೈಲಿ ಓಡಿದೆ. ಅಡ್ವಾನ್ಸ್ ಕಳಿಸಿಬಿಡ್ಲಾ?" ಗಾಡಿಯ ಅಡಿಭಾಗದ ಫೋಟೊ ಒಂದೂ ಇರುವುದಿಲ್ಲ. ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗಿನ ಭಾಗಗಳನ್ನು ತಾಳಕ್ಕೆ ಓಡಿಸುವ ರಬ್ಬರ್ ಪಟ್ಟಿ) ಯಾವಾಗ ಬದಲಾಯಿಸಿದ್ದು ಅಂತ ಕೇಳಿದರೆ, "22,000ಕ್ಕೆಲ್ಲ ಬೆಲ್ಟ್ ಯಾಕೆ ಸರ್?" ಅನ್ನುತ್ತಾರೆ.

ಸ್ಯಾನ್ ಹೊಸೆ ಕಡೆ ಹಳೇ ಜಪಾನೀ ಸ್ಪೋರ್ಟ್ಸ್ ಕಾರುಗಳ ರಿಪೇರಿ ನನ್ನ ಕೆಲಸ. ಬರುವವರಲ್ಲಿ ನಮ್ಮ ಕನ್ನಡದವರೂ ಸಾಕಷ್ಟಿದ್ದಾರೆ. ಕೆಲಸ, ಮನೆ, ಮಕ್ಕಳು ಎಲ್ಲ ಒಂದು ಹಂತಕ್ಕೆ ಬಂದ ಮೇಲೆ, ಕಾಲೇಜಿನಲ್ಲಿ ಪೋಸ್ಟರ್ ಅಂಟಿಸಿಕೊಂಡಿದ್ದ ಗಾಡಿಯ ನೆನಪಾಗುತ್ತದೆ. ಆಸೆ ಒಳ್ಳೆಯದೇ. ಅದರಲ್ಲೂ ಮೊದಲ ತಲೆಮಾರಿನ ಮಾಜ್ದಾ ಮಿಯಾಟಾ ಬೇಕು ಅಂದರೆ ನನಗೆ ಖುಷಿಯೇ. 1989ರ ಶಿಕಾಗೊ ಆಟೊ ಶೋದಲ್ಲಿ ಹೊರಬಂದ, ಹಿರೋಶಿಮಾದಲ್ಲಿ ತಯಾರಾದ, ಒಂದು ಟನ್ ಆಸುಪಾಸು ತೂಗುವ, ಟಾಪ್ ಇಳಿಸಬಹುದಾದ ಎರಡು ಸೀಟಿನ ಗಾಡಿ. 1993ರವರೆಗೆ 1.6 ಲೀಟರ್ ಎಂಜಿನ್, 1994ರಿಂದ 1.8. ಇಷ್ಟು ನಿಮಗೆ ಗೊತ್ತೇ ಇರುತ್ತದೆ. ಯಾವ ಬಣ್ಣ, ಪವರ್ ಸ್ಟೀರಿಂಗ್ ಬೇಕಾ ಬೇಡವಾ ಎನ್ನುವ ಚರ್ಚೆಯೂ ನನಗೆ ಬೇಡ. ನನಗೆ ತಲೆನೋವು ಆ ಮೀಟರಿನದು.

ಊರಿನಲ್ಲಿ ಸೆಕೆಂಡ್ ಹ್ಯಾಂಡ್ ಮಾರುತಿ ಕೊಳ್ಳುವಾಗ ಮೊದಲು ಕೇಳುತ್ತಿದ್ದದ್ದೇ "ಎಷ್ಟು ಓಡಿದೆ?" ಅಂತ. ಐದು ವರ್ಷದ ಗಾಡಿಗೆ ಅದು ಸರಿಯಾದ ಪ್ರಶ್ನೆ. ಮೂವತ್ತು ವರ್ಷ ದಾಟಿದ ಗಾಡಿಗೆ ಅಲ್ಲ. ಈ ವಯಸ್ಸಿನಲ್ಲಿ ಗಾಡಿ ಕೆಡುವುದು ಓಡಿದ್ದಕ್ಕಿಂತ ಜಾಸ್ತಿ ನಿಂತಿದ್ದಕ್ಕೆ. ಎಷ್ಟು ಬಾರಿ ಹೇಳಿದರೂ ಇದೊಂದು ಮಾತು ಯಾರ ತಲೆಗೂ ಹೋಗುವುದಿಲ್ಲ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಎಂಜಿನ್ನಿನ ಕಬ್ಬಿಣ, ಅಲ್ಯೂಮಿನಿಯಂ ಬಗ್ಗೆ ನನಗೆ ಚಿಂತೆ ಇಲ್ಲ. ಎಣ್ಣೆ ಸರಿಯಾಗಿ ಬದಲಾಯಿಸಿದ್ದರೆ ಈ ಎಂಜಿನ್ 2 ಲಕ್ಷ ಮೈಲಿ ದಾಟುವುದು ಅಪರೂಪವೇನಲ್ಲ. ಚಿಂತೆ ಇರುವುದು ರಬ್ಬರಿನದು. ಗಾಡಿಯಲ್ಲಿ ಎಲ್ಲೆಲ್ಲಿ ರಬ್ಬರ್ ಇದೆ ಅಂತ ಒಮ್ಮೆ ಯೋಚಿಸಿ. ರೇಡಿಯೇಟರ್ ಹೋಸ್, ಹೀಟರ್ ಹೋಸ್, ಇಂಧನದ ಹೋಸ್, ಬ್ರೇಕ್ ಹೋಸ್. ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್. ಬ್ರೇಕ್ ಮತ್ತು ಕ್ಲಚ್ ಸಿಲಿಂಡರುಗಳ ಒಳಗಿನ ಪುಟ್ಟ ಸೀಲುಗಳು. ಸಸ್ಪೆನ್ಷನ್ ಬುಷ್. ಟೈಮಿಂಗ್ ಬೆಲ್ಟ್. ಟೈರ್. ಇವಕ್ಕೆಲ್ಲ ಮೈಲಿ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಮಾತ್ರ ಗೊತ್ತು. ಹೊಸ ಕುಕ್ಕರ್ ಗ್ಯಾಸ್ಕೆಟ್ ತಂದು ಡಬ್ಬಿಯಲ್ಲಿಟ್ಟು ಹದಿನೈದು ವರ್ಷದ ಮೇಲೆ ತೆಗೆದು ನೋಡಿ. ಒಮ್ಮೆಯೂ ಬಳಸಿಲ್ಲ, ಆದರೂ ಸೀಟಿ ಕೂಗುವುದಿಲ್ಲ.

ದ್ರವಗಳ ಕಥೆಯೂ ಅಷ್ಟೇ. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ನೀರು ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಒಳಗೆ ಕೂತು ಪಿಸ್ಟನ್ನಿಗೆ ತುಕ್ಕು ಹಿಡಿಸುತ್ತದೆ. ಮಿಯಾಟಾದ ಹಿಂದಿನ ಕ್ಯಾಲಿಪರುಗಳಿಗೆ ಹ್ಯಾಂಡ್‌ಬ್ರೇಕಿನ ಕೆಲಸವೂ ಇರುವುದರಿಂದ ಅವು ಬೇಗ ಬಿಗಿಯುತ್ತವೆ. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ಎಥನಾಲ್ ಇರುತ್ತದೆ, ಅದೂ ನೀರು ಎಳೆಯುತ್ತದೆ. ಹಳಸಿದ ಪೆಟ್ರೋಲ್ ಅಂಟಾಗಿ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ಟ್ಯಾಂಕ್ ಒಳಗೆ ತುಕ್ಕು ಹಿಡಿಯುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆಯ ಬದಲು ಹಳೇ ವಾರ್ನಿಷ್ ವಾಸನೆ ಬಂದರೆ, ಅಲ್ಲಿಂದ ಮುಂದಿನ ಮಾತೆಲ್ಲ ಬೆಲೆ ಇಳಿಸುವುದರ ಬಗ್ಗೆ ಮಾತ್ರ ಇರಲಿ.

ಟೈರ್ ನೋಡುವುದು ಇನ್ನೂ ಸುಲಭ. ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 0908 ಅಂದರೆ 2008ರ ಒಂಬತ್ತನೇ ವಾರ. ಇತ್ತೀಚೆಗೆ ಒಬ್ಬರು ತಂದ ಗಾಡಿಯ ಟೈರುಗಳಲ್ಲಿ ಗ್ರಿಪ್ ಹೊಸದರಂತೆ ಇತ್ತು. ಕಪ್ಪು ಪಾಲಿಶ್ ಬೇರೆ ಹೊಡೆದಿದ್ದರು. ಉಗುರು ಒತ್ತಿದೆ, ಕಲ್ಲು. ಗ್ರಿಪ್ಪಿನ ಸಂದುಗಳನ್ನು ಬಿಡಿಸಿ ನೋಡಿದರೆ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸುತ್ತಲೂ. "ಇನ್ನೂ ಎಷ್ಟೊಂದು ಟ್ರೆಡ್ ಇದೆ ಸರ್" ಎಂದರು. ಇದೆ ಮಾರಾಯ್ರೇ, ಆದರೆ ಹಿಡಿತ ಇಲ್ಲ. ಮಳೆಯಲ್ಲಿ ಈ ಹಗುರ ಗಾಡಿ ಹಿಂದಿನಿಂದ ಜಾರಿದರೆ ಹಿಡಿದು ನಿಲ್ಲಿಸಲು ಇದರಲ್ಲಿ ಕಂಪ್ಯೂಟರ್ ಇಲ್ಲ.

ಇನ್ನು, ಆ ಮೀಟರ್ ಹೇಳುವುದೇ ನಿಜವಾ? ಈ ತಲೆಮಾರಿನ ಮಿಯಾಟಾದ ಸ್ಪೀಡೋಮೀಟರ್ ಕೇಬಲ್ ಮೇಲೆ ನಡೆಯುತ್ತದೆ. ಕೇಬಲ್ ತುಂಡಾದರೆ ಮೈಲಿಯೂ ನಿಂತಿತು. ಮೀಟರುಗಳ ಇಡೀ ಕ್ಲಸ್ಟರ್ ಬಿಚ್ಚಿ ಇನ್ನೊಂದು ಹಾಕುವುದಕ್ಕೆ ದೊಡ್ಡ ವಿದ್ಯೆ ಬೇಡ. ಅದಕ್ಕಿಂತ ದೊಡ್ಡ ವಿಷಯ: ಇಷ್ಟು ಹಳೇ ಗಾಡಿ ಮಾರುವಾಗ ಮೀಟರ್ ನಿಜವೆಂದು ಬರೆದುಕೊಡುವ ಬಾಧ್ಯತೆಯನ್ನು ಫೆಡರಲ್ ನಿಯಮವೇ ಕೇಳುವುದಿಲ್ಲ. ಎಲ್ಲರೂ ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಯಾರೂ ಖಾತರಿ ಕೊಡದ ಒಂದು ನಂಬರಿಗೆ ನೀವು ಸಾವಿರಗಟ್ಟಲೆ ಡಾಲರ್ ಜಾಸ್ತಿ ಕೊಡುತ್ತಿದ್ದೀರಿ ಅಂತ ಅಷ್ಟೇ.

ನನ್ನ ಒಬ್ಬ ಗಿರಾಕಿ, ಬಹಳ ಸಜ್ಜನ, ಶಿವಮೊಗ್ಗ ಕಡೆಯವರು. ಮ್ಯೂಸಿಯಂ ಪೀಸ್ ಎಂದು ಯಾರೋ ಹೇಳಿದ ಕೆಂಪು ಗಾಡಿ ತಂದರು. ಗ್ಯಾರೇಜಿನಲ್ಲೇ ಇತ್ತಂತೆ, ಮಳೆ ಬಿಸಿಲು ಕಂಡಿಲ್ಲವಂತೆ. ನಿಜಕ್ಕೂ ಸೀಟಿನ ಬಟ್ಟೆ, ಡ್ಯಾಶ್‌ಬೋರ್ಡ್ ಹೊಳೆಯುತ್ತಿದ್ದವು. ಮೊದಲ ಭಾನುವಾರವೇ ಹೆಂಡತಿಯನ್ನು ಕೂರಿಸಿಕೊಂಡು ಹೈವೇ 17ರಲ್ಲಿ ಸಾಂಟಾ ಕ್ರೂಜ್ ಕಡೆ ಹೊರಟರು. ಆ ರಸ್ತೆ ಗೊತ್ತಿರುವವರಿಗೆ ಗೊತ್ತು, ಬರೀ ತಿರುವು, ಪಕ್ಕಕ್ಕೆ ನಿಲ್ಲಿಸಲು ಜಾಗ ಕಡಿಮೆ. ಅರ್ಧ ಘಾಟಿ ಏರುವ ಹೊತ್ತಿಗೆ ಕ್ಲಚ್ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಒಳಗಿನ ಸೀಲ್ ಕೈಕೊಟ್ಟಿತ್ತು. ಭಾಗದ ಬೆಲೆ ದೊಡ್ಡದಲ್ಲ, ಮಿಯಾಟಾದಲ್ಲಿ ಅದು ಹೋಗುವುದು ಹೊಸದೂ ಅಲ್ಲ. ಆದರೆ ಅದರ ಹಿಂದೆಯೇ ಒಂದೊಂದಾಗಿ ಬಂದವು. ಹೀಟರ್ ಹೋಸ್, ಹಿಂದಿನ ಕ್ಯಾಲಿಪರ್, ವಾಟರ್ ಪಂಪ್, ಇಂಜೆಕ್ಟರ್. ಆ ವರ್ಷ ಅವರ ಶ್ರೀಮತಿ ನನಗೆ ಯುಗಾದಿ ಹೋಳಿಗೆ ಕಳಿಸುವಾಗ "ನಿಮ್ಮ ಇನ್ನೊಂದು ಮನೆಯಿಂದ" ಅಂತ ಚೀಟಿ ಬರೆದಿದ್ದರು.

ಅದೇ ಸುಮಾರಿಗೆ ಇನ್ನೊಬ್ಬ ಹುಡುಗ 1995ರ 1.8 ನೋಡಿದ್ದ. 1,80,000 ಮೈಲಿ. ಬಂಪರಿನಲ್ಲಿ ಗೀರು, ಡ್ರೈವರ್ ಸೀಟಿನ ಅಂಚು ಹರಿದಿತ್ತು. ಮಾರುವವರು ನಿವೃತ್ತ ಟೀಚರ್. ಅವರ ಹತ್ತಿರ ದಪ್ಪ ಫೈಲ್ ಇತ್ತು. ಬೆಲ್ಟ್, ವಾಟರ್ ಪಂಪ್, ಸೀಲುಗಳು, ಎಲ್ಲ ಹೋಸ್, ಪ್ರತಿ ಎರಡು ವರ್ಷಕ್ಕೆ ಬ್ರೇಕ್ ಫ್ಲೂಯಿಡ್, ಎಲ್ಲಕ್ಕೂ ತಾರೀಖಿನ ಸಮೇತ ರಸೀದಿ. ಹುಡುಗ ಮುಖ ಸಿಂಡರಿಸಿಕೊಂಡಿದ್ದ. ಬಲವಂತವಾಗಿ ಕೊಳ್ಳಿಸಿದೆ ಅಂತಲೇ ಹೇಳಬೇಕು. ಈಗ ದಿನಾ ಅದರಲ್ಲೇ ಆಫೀಸಿಗೆ ಹೋಗುತ್ತಾನೆ. ನನ್ನ ಹತ್ತಿರ ಬರುವುದು ಎಣ್ಣೆ ಬದಲಾಯಿಸಲು, ಮತ್ತೆ ಹರಟೆಗೆ.

ಕಡಿಮೆ ಓಡಿದ ಗಾಡಿ ಕೊಳ್ಳಲೇಬಾರದಾ? ಹಾಗೇನಿಲ್ಲ. ತಿಂಗಳಿಗೆ ನಾಲ್ಕು ಸಲವಾದರೂ ಓಡಿಸಿ, ಮೈಲಿ ನೋಡದೆ ಕ್ಯಾಲೆಂಡರ್ ನೋಡಿ ಸರ್ವಿಸ್ ಮಾಡಿದ್ದರೆ ಅದು ಒಳ್ಳೆಯ ಗಾಡಿಯೇ, ಬೆಲೆಗೂ ನ್ಯಾಯ ಇದೆ. ಅಂಥದ್ದು ಸಿಗುವುದು ಅಪರೂಪ. ಇಲ್ಲದಿದ್ದರೆ ಕೊಳ್ಳುವಾಗಲೇ ರಬ್ಬರ್ ಮತ್ತು ದ್ರವ ಪೂರ್ತಿ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆದುಬಿಡಿ. ಮಾರುವವರು ಒಪ್ಪದಿದ್ದರೆ ಬಿಡಿ. ಮೊದಲ ತಲೆಮಾರಿನ ಮಿಯಾಟಾಗಳು ಲಕ್ಷಗಟ್ಟಲೆ ತಯಾರಾಗಿವೆ, ಇನ್ನೊಂದು ಸಿಗುತ್ತದೆ.

1990 ಮತ್ತು 1991ರ ಶುರುವಿನ 1.6 ಗಾಡಿಗಳಿಗೆ ಒಂದು ವಿಶೇಷ ಎಚ್ಚರಿಕೆ. ಆ ಎಂಜಿನ್ನುಗಳ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟ್) ಮೂತಿ, ಅಂದರೆ ಮುಂದಿನ ತುದಿ, ಗಿಡ್ಡ. ಟೈಮಿಂಗ್ ಬೆಲ್ಟ್ ಬದಲಾಯಿಸಿದವರು ಮೂತಿಯ ಬೋಲ್ಟನ್ನು ಸರಿಯಾದ ಬಿಗಿಗೆ ಕಟ್ಟದಿದ್ದರೆ ಒಳಗೆ ಪುಲ್ಲಿಯನ್ನು ಹಿಡಿದಿಡುವ ಕೀ ಅಲುಗಾಡಿ, ಆ ಕೀ ಕೂರುವ ತೋಡು ಸವೆಯುತ್ತದೆ. ಪುಲ್ಲಿ ಓಲಾಡುತ್ತದೆ, ಟೈಮಿಂಗ್ ತಪ್ಪುತ್ತದೆ, ಗಾಡಿಗೆ ಎಳೆತ ಇರುವುದಿಲ್ಲ. ಗುರುತು ಹಿಡಿಯುವುದು ಹೀಗೆ: ಟಾರ್ಚ್ ಹಾಕಿ ಎಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿಯ ನಡುವೆ ನೋಡಿ. ನಾಲ್ಕು ಸೀಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಮಧ್ಯೆ ಯಾರಾದರೂ ಎಂಜಿನ್ ಬದಲಿಸಿರಬಹುದು, ಹಾಗಾಗಿ ವರ್ಷ ನೋಡಿ ತೀರ್ಮಾನಿಸಬೇಡಿ. ಇಲ್ಲೂ ಮೀಟರ್ ಉಲ್ಟಾ ಹೊಡೆಯುತ್ತದೆ. ಎರಡು ಮೂರು ಸಲ ಬೆಲ್ಟ್ ಬದಲಾಗಿಯೂ ಗಿಡ್ಡ ಮೂತಿ ಗಟ್ಟಿಯಾಗಿದ್ದರೆ ಅದು ಪಾಸಾದ ಗಾಡಿ. 22,000 ಮೈಲಿಯದ್ದು ಇನ್ನೂ ಪರೀಕ್ಷೆಗೇ ಕೂತಿಲ್ಲ. ಬೆಲ್ಟ್ ಬದಲಾವಣೆ 60,000 ಮೈಲಿಗೆ ಅನ್ನುವುದು ಪುಸ್ತಕದ ಲೆಕ್ಕ. ವಯಸ್ಸು ಗೊತ್ತಿಲ್ಲದ ಬೆಲ್ಟನ್ನು ನಾನು ಮೊದಲ ದಿನವೇ ತೆಗೆಯುತ್ತೇನೆ. ಸಮಾಧಾನದ ಮಾತೆಂದರೆ, ಮೂಲ ಸ್ಥಿತಿಯ ಈ ಎಂಜಿನ್ನುಗಳಲ್ಲಿ ಬೆಲ್ಟ್ ತುಂಡಾದರೂ ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲ. ರಸ್ತೆ ಮಧ್ಯೆ ನಿಲ್ಲುತ್ತೀರಿ, ಅಷ್ಟೇ.

ಎಣ್ಣೆ ಸೋರಿಕೆ ಬಗ್ಗೆಯೂ ಒಂದು ಮಾತು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ, ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂತ ದೊಡ್ಡ ಎಸ್ಟಿಮೇಟ್ ಕೊಡುವವರಿದ್ದಾರೆ. ಇರಬಹುದು, ಇಲ್ಲ ಅನ್ನಲಾರೆ. ಆದರೆ ಮೊದಲು ಎಂಜಿನ್ ತಲೆಯ ಹಿಂಭಾಗಕ್ಕೆ ಕೈ ಹಾಕಿ. ಅಲ್ಲಿ ಕ್ಯಾಮ್ ಆಂಗಲ್ ಸೆನ್ಸರ್ ಅಂತ ಒಂದಿದೆ. ಅದರ ಓ-ರಿಂಗ್ ಗಟ್ಟಿಯಾಗಿ ಬಿಸ್ಕೆಟಿನ ಹಾಗೆ ಮುರಿದಿರುತ್ತದೆ. ಎಣ್ಣೆ ಅಲ್ಲಿಂದ ಹೀಟರ್ ಹೋಸ್ ಮೇಲೆ ಇಳಿದು ಗೇರ್‌ಬಾಕ್ಸ್ ಮೇಲೆ ಹರಿಯುತ್ತದೆ. ಕೆಲವೇ ಡಾಲರಿನ ರಿಂಗ್. ಬಿಚ್ಚುವ ಮೊದಲು ಸೆನ್ಸರ್ ಇದ್ದ ಜಾಗಕ್ಕೆ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಇಗ್ನಿಷನ್ ಟೈಮಿಂಗ್ ಮತ್ತೆ ಹೊಂದಿಸಬೇಕಾಗುತ್ತದೆ.

ತುಕ್ಕು. ಕ್ಯಾಲಿಫೋರ್ನಿಯಾದಲ್ಲಿ ತುಕ್ಕೆಲ್ಲಿ ಅನ್ನುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಒಹಾಯೊ, ಮಿಶಿಗನ್ ಗಾಡಿಗಳೂ ಇಲ್ಲಿಗೆ ಬಂದು ಇಲ್ಲಿನ ನಂಬರ್ ಪ್ಲೇಟ್ ಹಾಕಿಕೊಳ್ಳುತ್ತವೆ. ಇಲ್ಲಿಯದೇ ಗಾಡಿಯಾದರೂ ಬಟ್ಟೆಯ ಟಾಪ್ ಮೇಲೆ ಬಿದ್ದ ನೀರು ಸೀಟಿನ ಹಿಂದೆ ಎರಡೂ ಪಕ್ಕದ ಡ್ರೇನ್ ಮೂಲಕ ಕೆಳಗೆ ಹೋಗಬೇಕು. ಎಲೆ, ಕಸ ತುಂಬಿ ಅದು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ಸೇರುತ್ತದೆ. ಒಳಗಿನಿಂದ ತಿಂದುಕೊಂಡು ಬರುವ ತುಕ್ಕು ಇದು, ಹಿಂದಿನ ಚಕ್ರದ ಮುಂದೆ ಪೇಂಟ್ ಗುಳ್ಳೆ ಎದ್ದಾಗಲೇ ಕಾಣುವುದು. ಅಲ್ಲಿ ಬೆರಳಿನಿಂದ ಬಡಿದು ನೋಡಿ, ಅಯಸ್ಕಾಂತ ಇಟ್ಟು ನೋಡಿ. ಒಂದು ಲೋಟ ನೀರು ನಿಧಾನವಾಗಿ ಡ್ರೇನಿಗೆ ಹುಯ್ದು, ಗಾಡಿಯ ಅಡಿಯಿಂದ ಬರುತ್ತದಾ ನೋಡಿ. ಕಟ್ಟಿಕೊಂಡಿದ್ದರೆ ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ಸಾಕು. ತಂತಿ ತೂರಿಸಿ ಒಳಗಿನ ಪೈಪ್ ಹರಿಯಬೇಡಿ.

ಕೊಂಡ ಮೇಲೆ ಮಾಡಬೇಕಾದ್ದು ಒಂದೇ ಮುಖ್ಯ ಕೆಲಸ: ಓಡಿಸಿ. ವಾರಕ್ಕೊಮ್ಮೆ ಡ್ರೈವ್‌ವೇಯಲ್ಲಿ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುವುದು ಓಡಿಸಿದಂತಲ್ಲ, ಅದರಿಂದ ಕೆಡುಕೇ ಜಾಸ್ತಿ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಉರಿದಾಗ ಹುಟ್ಟುವ ನೀರು ಎಣ್ಣೆಯಲ್ಲಿ, ಸೈಲೆನ್ಸರಿನಲ್ಲಿ ಉಳಿದುಬಿಡುತ್ತದೆ. ಅರ್ಧ ಗಂಟೆ ರಸ್ತೆ ಮೇಲೆ ಹೋಗಿ ಬನ್ನಿ, ಎಸಿಯನ್ನೂ ಹಾಕಿ. ಬ್ಯಾಟರಿ ಡಿಕ್ಕಿಯಲ್ಲಿದೆ. ಗ್ಯಾಸ್ ಹೊರಗೆ ಹೋಗುವ ಪೈಪ್ ಇರುವ ಎಜಿಎಂ (ಆಸಿಡ್ ಚೆಲ್ಲದ ಹಾಗೆ ಒಳಗೇ ಹೀರಿಸಿಟ್ಟ) ಬ್ಯಾಟರಿಯನ್ನೇ ಹಾಕಿ, ಅಗ್ಗದ್ದು ಹಾಕಿದರೆ ಆಸಿಡ್ ಡಿಕ್ಕಿಯನ್ನೇ ತಿನ್ನುತ್ತದೆ. ರೇಡಿಯೇಟರಿನ ಕಪ್ಪು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದರೆ ಒಡೆಯುವವರೆಗೆ ಕಾಯಬೇಡಿ. ಟಾಪ್ ಇಳಿಸುವ ಮೊದಲು ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ, ಚಳಿ ಬೆಳಗ್ಗೆಯಂತೂ ಮಡಚಲೇಬೇಡಿ. ಬಿಡಿಭಾಗಗಳ ಚಿಂತೆ ಅಷ್ಟಿಲ್ಲ. ಜಪಾನಿನಲ್ಲಿ ಮಾಜ್ದಾ ಕಂಪನಿಯೇ 2017ರಲ್ಲಿ ಈ ತಲೆಮಾರಿಗೆ ರಿಸ್ಟೊರೇಷನ್ ಯೋಜನೆ ಪ್ರಕಟಿಸಿ, ನಿಂತುಹೋಗಿದ್ದ ಟಾಪು, ಟೈರುಗಳನ್ನೆಲ್ಲ ಮತ್ತೆ ಮಾಡಿಸಿತು. ಮೊದಲ ಹಳೇ ಗಾಡಿಗೆ ಮಾಜ್ದಾದ್ದೇ ರೋಟರಿ ಎಂಜಿನ್ನಿನ ಆರ್‌ಎಕ್ಸ್-7 ಬೇಡ, ಮಿಯಾಟಾ ತಗೊಳ್ಳಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ರೋಟರಿ ಎಂಜಿನ್ ಕಥೆ ಬೇರೆಯೇ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಕೊನೆಗೆ ಕಾಗದಪತ್ರ. ಜಪಾನಿನಿಂದ ಬಂದ ಬಲಗಡೆ ಸ್ಟೀರಿಂಗಿನ ಯೂನೋಸ್ ರೋಡ್‌ಸ್ಟರ್ (ಅಲ್ಲಿ ಮಿಯಾಟಾಗೆ ಇದ್ದ ಹೆಸರು) ನೋಡಿ ಊರಿನ ನೆನಪಾಗುತ್ತದೆ, ಒಪ್ಪುತ್ತೇನೆ. 25 ವರ್ಷ ದಾಟಿದ್ದರೆ ದೇಶದೊಳಗೆ ತರಬಹುದು. ಆದರೆ ಕ್ಯಾಲಿಫೋರ್ನಿಯಾದ ಹೊಗೆ ನಿಯಮ ಅದಕ್ಕಿಂತ ಬಿಗಿ. ಇಲ್ಲೇ ರಿಜಿಸ್ಟರ್ ಆಗಿರದ ಗಾಡಿಗೆ ದುಡ್ಡು ಕೊಡಬೇಡಿ. ಇಲ್ಲಿನ ಗಾಡಿಗೂ ಸ್ಮಾಗ್ ಟೆಸ್ಟ್, ಅಂದರೆ ಹೊಗೆ ಪರೀಕ್ಷೆ, ತಪ್ಪಿದ್ದಲ್ಲ, ವಿನಾಯಿತಿ ಇರುವುದು 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗಳಿಗೆ. ನಿಂತ ಗಾಡಿಗಳು ಸಾಮಾನ್ಯವಾಗಿ ಮುಗ್ಗರಿಸುವುದೂ ಅಲ್ಲೇ. ಮಾರುವವರು "ಇದ್ದ ಹಾಗೇ ಕೊಡ್ತೀನಿ, ಸ್ಮಾಗ್ ನೀವೇ ಮಾಡಿಸ್ಕೊಳ್ಳಿ" ಅಂದರೆ ತಲೆಯಾಡಿಸಬೇಡಿ. 90 ದಿನದೊಳಗಿನ ಸ್ಮಾಗ್ ಸರ್ಟಿಫಿಕೇಟ್ ಕೊಡುವುದು ಇಲ್ಲಿನ ಕಾನೂನಿನ ಪ್ರಕಾರ ಮಾರುವವರ ಜವಾಬ್ದಾರಿ. ಅದು ಕೈಗೆ ಬಂದ ಮೇಲೆ ಗಾಡಿಯ ಅಡಿಭಾಗದ ನಾಲ್ಕು ಫೋಟೊ ಸೇರಿಸಿ ನನಗೆ ಕಳಿಸಿ, ನೋಡೋಣ.